ಖಾದರ ಮಾಸ್ತರರ ಏಳನೆಯ ಸ್ಪೂಲು

ಮೊನ್ನೆ ಅಟ್ಟದ ಮೇಲಿನ ಸಾಮಾನು ಇಳಿಸುವಾಗ ನನ್ನ ಹಳೆಯ ಕ್ಯಾಸೆಟ್ ಡೆಕ್ ಸಿಕ್ಕಿತು. ಧೂಳು ಒರೆಸಿ ನೋಡಿದರೆ ಆರು ಗುಂಡಿಗಳಲ್ಲಿ ಐದು ಜಂಗು ಹಿಡಿದು ಅಲುಗಾಡದಂತಾಗಿದ್ದವು. ಒಂದು ಮಾತ್ರ ನಿನ್ನೆಯಷ್ಟೇ ಎಣ್ಣೆ ಬಿಟ್ಟಂತೆ ಸಲೀಸಾಗಿ ಒಳಗೆ ಹೋಗಿ ಹೊರಗೆ ಬಂತು. ಅದು ‘ಪಾಜ್’ ಗುಂಡಿ, ಓಡುವ ಕ್ಯಾಸೆಟ್ಟನ್ನು ತಡೆದು ನಿಲ್ಲಿಸುವಂಥದು. ನಾನು ಬಿಸಿ ಹಂಚು ಮುಟ್ಟಿದವನ ಹಾಗೆ ಬೆರಳು ಹಿಂದೆಗೆದುಕೊಂಡೆ. ಕೆಳಗೆ ಏಣಿ ಹಿಡಿದು ನಿಂತಿದ್ದ ಹೆಂಡತಿ, “ಏನ್ರೀ, ಚೇಳ ಐತೇನು?” ಎಂದಳು. ಚೇಳಾಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಹೆದರಿಕೆ ನನಗೆ ಹುಟ್ಟುಗುಣ ಅಂತಲೇ ಹೇಳಬೇಕು. ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಮದುವೆಯ ಮೆರವಣಿಗೆ ಬಂತೆಂದರೆ ಉಳಿದ ಹುಡುಗರೆಲ್ಲ ಬ್ಯಾಂಡಿನ ಹಿಂದೆ ಓಡಿದರೆ ನಾನು ಜೋಳದ ಚೀಲಗಳ ಸಂದಿಯಲ್ಲಿ ಹೋಗಿ ಕೂರುತ್ತಿದ್ದೆ. ಬ್ಯಾಂಡಿನವರಲ್ಲಿ ಒಬ್ಬ, ಮೈಗೆಲ್ಲ ಸುತ್ತಿಕೊಂಡ ದೊಡ್ಡ ಹಿತ್ತಾಳೆಯ ಕೊಂಬು ಊದುತ್ತಿದ್ದ. ಅದರ ಬಾಯಿ ನಮ್ಮ ಹಿಟ್ಟು ನಾದುವ ಪರಾತದಷ್ಟು ಅಗಲ. ಅದು ಊದುವ ಕೊಂಬಲ್ಲ, ಮಕ್ಕಳನ್ನು ಒಳಗೆ ಎಳೆದುಕೊಳ್ಳುವ ಯಂತ್ರ ಎಂದು ನಾನು ಖಚಿತವಾಗಿ ನಂಬಿದ್ದೆ. ಅವ್ವ ಬಂದು, “ಹೋತ್ ಬಾರೋ ಬ್ಯಾಂಡು, ಹೊರಗ ಬಾ,” ಎಂದು ಕರೆದರೂ ಕೊಂಬಿನ ಸದ್ದು ಓಣಿ ದಾಟುವವರೆಗೆ ಹೊರಬರುತ್ತಿರಲಿಲ್ಲ.

ಅಂಥವನು ಮುಂದೆ ಹಾವೇರಿಯ ಬಸ್ ನಿಲ್ದಾಣದ ಎದುರು ಕ್ಯಾಸೆಟ್ಟಿನ ಅಂಗಡಿ ಇಟ್ಟೆ. ಎಂಬತ್ತರ ದಶಕದ ನಡುವಿನ ಮಾತು. ಜನ ಚೀಟಿಯಲ್ಲಿ ತಮಗೆ ಬೇಕಾದ ಹಾಡು ಬರೆದು ತರುತ್ತಿದ್ದರು, ನಾನು ಖಾಲಿ ಕ್ಯಾಸೆಟ್ಟಿನಲ್ಲಿ ತುಂಬಿಸಿ ಕೊಡುತ್ತಿದ್ದೆ. ಹುಬ್ಬಳ್ಳಿಯಿಂದ ಹಳೆಯದೊಂದು ಸ್ಪೂಲಿನ ಯಂತ್ರವನ್ನೂ ತಂದಿದ್ದೆ. ತಟ್ಟೆಯಂಥ ಎರಡು ದೊಡ್ಡ ಗಾಲಿ, ನಡುವೆ ಕಂದು ಬಣ್ಣದ ಪಟ್ಟಿ. ಅದಕ್ಕೆ ಕೆಲಸವೇನೂ ಬೀಳುತ್ತಿರಲಿಲ್ಲ, ಅಂಗಡಿಗೊಂದು ಗಾಂಭೀರ್ಯ ಬರುತ್ತಿತ್ತು, ಅಷ್ಟೆ. ಆ ಗಾಂಭೀರ್ಯವೇ ನನ್ನ ಕುತ್ತಿಗೆಗೆ ಬಂತು.

ಒಂದು ಬೆಳಿಗ್ಗೆ ಬಿಳಿ ಪಾಯಿಜಾಮ, ಕರಿ ಟೊಪ್ಪಿಗೆಯ ಹಿರಿಯರೊಬ್ಬರು ಬಂದು ಆ ಯಂತ್ರವನ್ನು ಮದುಮಗನನ್ನು ನೋಡುವ ಹಾಗೆ ಸುತ್ತ ತಿರುಗಿ ನೋಡಿದರು. “ಇದು ನಡೀತೈತೇನಪಾ?” ಎಂದು ಕೇಳಿದರು. ನಡೆಯುತ್ತದೆ ಎಂದೆ. ಕಂಕುಳಲ್ಲಿದ್ದ ತಗಡಿನ ಟ್ರಂಕನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು. ಒಳಗೆ ಒಂಬತ್ತು ಸ್ಪೂಲು.

ಅವರು ರಾಣೆಬೆನ್ನೂರಿನ ಖಾದರ ಮಾಸ್ತರರು. ಊರಿನ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತ ಬೆಳೆದು, ಹರೆಯದಲ್ಲಿ ತಮ್ಮನನ್ನು ಕರೆದುಕೊಂಡು ಮುಂಬಯಿಗೆ ಹೋದವರು. ಅಲ್ಲಿನ ದೊಡ್ಡ ಹೋಟೆಲುಗಳಲ್ಲಿ ಆಗ ಜಾಝ್ ಬಾರಿಸುವ ಹದಿನೈದು ಹದಿನಾರು ಜನರ ಬ್ಯಾಂಡುಗಳಿದ್ದವಂತೆ. ಗೋವೆಯ ಒಬ್ಬ ಹಿರಿಯ ವಾದಕರ ಹತ್ತಿರ ಬರವಣಿಗೆ ಕಲಿತು ಮಾಸ್ತರರು ಅರೇಂಜರ್ ಆದರು.

“ಅಂದ್ರ ಏನ್ರಿ ಮಾಸ್ತರ?” ಎಂದೆ.

“ಒಂದು ಹಾಡು ಇರ್ತೈತಿ. ಐದು ಸ್ಯಾಕ್ಸೋಫೋನು, ನಾಕು ಟ್ರಂಪೆಟ್ಟು, ಮತ್ತ ಅದರ ಹಿಂದ ಒಂದು ಸಾಲು. ಯಾರು ಯಾವಾಗ ಊದಬೇಕಂತ ಬರದು ಕೊಡಾಂವ ಅರೇಂಜರ್. ಖರೇ ಹೇಳಬೇಕಂದ್ರ, ಯಾರು ಯಾವಾಗ ಬಾಯಿ ಮುಚ್ಚಬೇಕಂತ ಬರದು ಕೊಡಾಂವ.”

ಹತ್ತು ವರ್ಷಗಳಲ್ಲಿ ಅವರು ತಮ್ಮ ಬ್ಯಾಂಡನ್ನು ಸ್ಟುಡಿಯೋಕ್ಕೆ ಕರೆದೊಯ್ದು ಮಾಡಿಸಿದ ಧ್ವನಿಮುದ್ರಣವೆಲ್ಲ ಆ ಒಂಬತ್ತು ಸ್ಪೂಲುಗಳಲ್ಲಿತ್ತು. ಗ್ರಾಮಫೋನ್ ತಟ್ಟೆಯಾಗಿ ಒಂದೂ ಹೊರಬರಲಿಲ್ಲ. ಕಾಲ ಬದಲಾಯಿತು, ಹೋಟೆಲಿನವರು ಬ್ಯಾಂಡು ನಿಲ್ಲಿಸಿದರು, ಇವರು ಟ್ರಂಕು ಹಿಡಿದುಕೊಂಡು ಊರಿಗೆ ಬಂದರು. ಇಪ್ಪತ್ತೈದು ವರ್ಷ ಅವನ್ನು ಕೇಳಲು ಯಂತ್ರವೇ ಸಿಕ್ಕಿರಲಿಲ್ಲ.

“ಎಲ್ಲಾ ಕ್ಯಾಸೆಟ್ಟಿಗೆ ಇಳಿಸಿಕೊಡು. ಮುಖ್ಯ ಅಂದ್ರ ಈ ಏಳನೇದು,” ಎಂದು ಒಂದು ಡಬ್ಬಿಯ ಮೇಲೆ ಕೈಯಿಟ್ಟರು. “ಇದರಾಗ ನನ್ನ ತಮ್ಮ ಮೆಹಬೂಬನ ಸ್ಯಾಕ್ಸೋಫೋನ್ ಐತಿ. ಅಂವನ ಮಾತೂ ಐತಿ. ಇದಾದ ವರ್ಷಾನ ಅಂವ ಎದಿಬ್ಯಾನಿಯಿಂದ ಹೋದ. ಅಂವನ ಮಗಳು ಶಮೀಮ ಆವಾಗ ತೊಟ್ಲಾಗಿನ ಕೂಸು. ನಾನ ಬೆಳಸೇನಿ. ಈಗ ಹೊಸರಿತ್ತಿಯೊಳಗ ಹೊಲಿಗಿ ಕಲಸ್ತಾಳ. ಅಪ್ಪನ ಧ್ವನಿ ಆಕಿ ಒಂದ್ ದಿವಸಾನೂ ಕೇಳಿಲ್ಲ.”

ಅವತ್ತೇ ಮೊದಲನೆಯ ಸ್ಪೂಲು ಹಾಕಿದೆ. ಗಾಲಿ ತಿರುಗಿತು, ಒಂದು ಕ್ಷಣ ಸೊಯ್ಯೆಂದು ಗಾಳಿಯ ಸದ್ದು, ಆಮೇಲೆ ಒಮ್ಮೆಲೇ ನಾಲ್ಕೂ ಟ್ರಂಪೆಟ್ಟುಗಳು. ಬಾಲ್ಯದ ಹೆದರಿಕೆ ಮೈಯಲ್ಲಿ ಎಲ್ಲೋ ಉಳಿದಿತ್ತೆಂದು ತೋರುತ್ತದೆ, ನಾನು ಸ್ಟೂಲಿನಿಂದ ಎದ್ದೇಬಿಟ್ಟೆ. ಮಾಸ್ತರರು ನಕ್ಕರು. ಆದರೆ ಹಾಡು ಮುಗಿದ ಮೇಲೆ ನೋಡಿದರೆ ಯಂತ್ರದ ಕೆಳಗೆ ಮೇಜಿನ ಮೇಲೆಲ್ಲ ಕಂದು ಪುಡಿ, ಮೆಣಸಿನಕಾಯಿ ಕುಟ್ಟಿದ ಹಾಗೆ. ಟ್ರಂಕಿಗೆ ಯಾವಾಗಲೋ ಮಳೆನೀರು ಇಳಿದಿತ್ತಂತೆ. ಪಟ್ಟಿಯ ಮೇಲಿನ ಲೇಪ ಹಾಡುತ್ತ ಹಾಡುತ್ತ ಉದುರಿಹೋಗಿತ್ತು. ಅದೇ ಸ್ಪೂಲನ್ನು ಎರಡನೆಯ ಸಲ ಹಾಕಿದರೆ ಟ್ರಂಪೆಟ್ಟುಗಳು ಗೋಡೆಯಾಚೆ ಯಾರೋ ಕೆಮ್ಮಿದಂತೆ ಕೇಳಿದವು. ಪುಣ್ಯಕ್ಕೆ ಮೊದಲನೆಯ ಸಲವೇ ಕ್ಯಾಸೆಟ್ಟಿಗೆ ಇಳಿದಿತ್ತು.

ಇಬ್ಬರೂ ಆ ಪುಡಿಯನ್ನು ನೋಡುತ್ತ ಕೂತೆವು. “ಅಂದ್ರ ಒಂದೊಂದಕ್ಕೂ ಒಂದ ಸಲ,” ಎಂದರು ಮಾಸ್ತರರು.

ಆವತ್ತಿನಿಂದ ನನ್ನ ನಿದ್ದೆ ಹೋಯಿತು. ಯಾಕೆಂದರೆ ಆಗಿನ ಹಾವೇರಿಯಲ್ಲಿ ಕರೆಂಟು ಎಂಬುದು ಮುನಿಸಿನ ಅಳಿಯನ ಹಾಗೆ. ಯಾವಾಗ ಬರುತ್ತದೆ, ಯಾವ ಮಾತಿಗೆ ಎದ್ದು ಹೋಗುತ್ತದೆ ಯಾರಿಗೂ ತಿಳಿಯದು. ನಡುವೆ ಕರೆಂಟು ಹೋದರೆ ಪಟ್ಟಿ ಅಲ್ಲೇ ಅಂಟಿಕೊಂಡು ಹರಿಯುತ್ತದೆ. ಲೈನ್‌ಮನ್‌ನನ್ನು ಕರೆದು ಚಹಾ ಕುಡಿಸಿ ಕೇಳಿದೆ. “ಮುಂಜಾನೆ ಏಳರಿಂದ ಎಂಟರ ತನಕ ಹೋಗಂಗಿಲ್ಲರಿ. ಹೋದ್ರ ನನಗ ಬೈಬ್ಯಾಡ್ರಿ,” ಎಂದ. ಅಭಯವನ್ನೂ ಹೆದರಿಕೆಯನ್ನೂ ಒಟ್ಟಿಗೇ ಕೊಟ್ಟುಹೋದ.

ಹೀಗೆ ವಾರಕ್ಕೊಂದು ಸ್ಪೂಲು. ಮಾಸ್ತರರು ಮೊದಲ ಬಸ್ಸಿಗೆ ರಾಣೆಬೆನ್ನೂರಿನಿಂದ ಬರುತ್ತಿದ್ದರು. ನಾನು ಒಂದು ಕೈ ಯಂತ್ರದ ಮೇಲೆ, ಒಂದು ಕಣ್ಣು ಬಲ್ಬಿನ ಮೇಲೆ ಇಟ್ಟು ಕೂರುತ್ತಿದ್ದೆ. ಒಂದು ಸಲ ಬಾಗಿಲಲ್ಲಿ ಗೂಳಿಯೊಂದು ನಿಂತು ಬೆಳಕು ಮರೆಯಾದದ್ದಕ್ಕೇ “ಹೋತ್ರಿ ಕರೆಂಟು!” ಎಂದು ಚೀರಿದ್ದೆ. ಆರು ಸ್ಪೂಲು ಪಾರಾದವು.

ಏಳನೆಯದರ ದಿನ ಮಾಸ್ತರರು ಹೊಸ ಅಂಗಿ ತೊಟ್ಟು ಬಂದಿದ್ದರು. ನಾನು ಡೆಕ್ಕಿನಲ್ಲಿ ಹೊಸ ಕ್ಯಾಸೆಟ್ ಹಾಕಿ, ಮುದ್ರಣದ ಗುಂಡಿ ಒತ್ತಿ, ಪಾಜ್ ಹಿಡಿದು ನಿಲ್ಲಿಸಿ, ಸ್ಪೂಲು ಹಚ್ಚಿದೆ. ಕೆಂಪು ದೀಪ ಉರಿಯುತ್ತಿತ್ತು. ಧ್ವನಿಯ ಮಟ್ಟ ತೋರಿಸುವ ಮುಳ್ಳು ಕುಣಿಯತೊಡಗಿತು. ಇನ್ನು ಪಾಜ್ ಬಿಡಬೇಕು, ಅಷ್ಟರಲ್ಲಿ ಗಾಳಿಯ ಸದ್ದಿನೊಳಗಿಂದ ಒಂದು ಎಳೆಯ ಗಂಡುಧ್ವನಿ, ಅದೂ ಕನ್ನಡದಲ್ಲಿ: “ಭಾಯಿ, ಸುರು ಮಾಡೂನೂ?”

ನಾನು ಮಾಸ್ತರರತ್ತ ನೋಡಿದೆ. ಅವರ ಮುಖ ನೋಡಿದವನು ಮತ್ತೆ ಡೆಕ್ಕಿನತ್ತ ನೋಡಲಿಲ್ಲ. ಮನೆಯಲ್ಲಿ ಉರ್ದು ಮಾತಾಡುತ್ತಿದ್ದ ಅಣ್ಣತಮ್ಮಂದಿರು ಮುಂಬಯಿಯ ಸ್ಟುಡಿಯೋದಲ್ಲಿ ಮಾತ್ರ, ಬೇರೆಯವರಿಗೆ ತಿಳಿಯಬಾರದೆಂದು, ಕನ್ನಡ ಮಾತಾಡುತ್ತಿದ್ದರಂತೆ. ಹಾಡು ಶುರುವಾಯಿತು. ವಾದ್ಯಗಳೆಲ್ಲ ಒಟ್ಟಿಗೆ ಮೊಳಗಿ, ಒಮ್ಮೆಗೇ ಸರಿದು ನಿಂತ ಹಾಗೆ ಜಾಗ ಬಿಟ್ಟವು. ಆ ಜಾಗದಲ್ಲಿ ಮೆಹಬೂಬನ ಸ್ಯಾಕ್ಸೋಫೋನು ಒಂದೇ ನಡೆದುಬಂತು, ಮೊದಲು ನಾಚಿಕೊಂಡು, ಆಮೇಲೆ ಯಾರ ಹಂಗೂ ಇಲ್ಲದ ಹಾಗೆ. ಮಾಸ್ತರರು ಅಲುಗಾಡದೆ ಕೂತಿದ್ದರು. ಕಣ್ಣೀರು ಗಡ್ಡಕ್ಕಿಳಿಯುತ್ತಿತ್ತು, ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ.

ಮುಗಿದ ಕೂಡಲೇ ಅವರು ಎದ್ದರು. “ಬರ್ತೇನಿ ಶಿವೂ,” ಎಂದು ನನ್ನ ಮುಖವನ್ನೂ ನೋಡದೆ ಹೊರಟುಹೋದರು. ದುಃಖ ಎಂದುಕೊಂಡೆ. ಕ್ಯಾಸೆಟ್ ತೆಗೆಯಲು ತಿರುಗಿದೆ. ಪಾಜ್ ಗುಂಡಿ ಒಳಗೇ ಇತ್ತು. ಮುಳ್ಳು ಕುಣಿದಿತ್ತು, ದೀಪ ಉರಿದಿತ್ತು, ಕ್ಯಾಸೆಟ್ಟಿನ ಗಾಲಿ ಒಂದು ಸುತ್ತೂ ತಿರುಗಿರಲಿಲ್ಲ.

ಬಾಗಿಲು ಹಾಕಿ ಸ್ಪೂಲನ್ನು ಮತ್ತೆ ಹಚ್ಚಿದೆ. ಪಟ್ಟಿ ಕಿರ್ರೆಂದಿತು, ಎರಡು ಕಡೆ ಹರಿಯಿತು. ಅಂಟಿಸಿ ಹಾಕಿದರೆ ಬರೀ ಮರಳು ಸುರಿದ ಸದ್ದು. ಅದರೊಳಗೆ ಮೆಹಬೂಬನೂ ಇಲ್ಲ, ಭಾಯಿಯೂ ಇಲ್ಲ. ಮೇಜಿನ ಮೇಲಿನ ಪುಡಿಯನ್ನು ಒರೆಸಲು ಧೈರ್ಯವಾಗಲಿಲ್ಲ. ಒಬ್ಬ ಮನುಷ್ಯನನ್ನು ಒರೆಸಿ ಹಾಕಿದ ಹಾಗಾದೀತು ಎನ್ನಿಸಿತು. ಒಂದು ಕಾಗದದಲ್ಲಿ ಕಟ್ಟಿಟ್ಟೆ.

ಮುಂದಿನ ನಲವತ್ತು ದಿನ ನಾನು ಬದುಕಿದ ರೀತಿಯನ್ನು ನೆನೆಸಿಕೊಂಡರೆ ಈಗ ನಗು ಬರುತ್ತದೆ, ಆಗ ಊಟ ಸೇರುತ್ತಿರಲಿಲ್ಲ. ರಾಣೆಬೆನ್ನೂರಿನ ಬಸ್ಸು ಬಂದು ನಿಂತರೆ ಅಂಗಡಿಯ ಪರದೆ ಎಳೆಯುತ್ತಿದ್ದೆ. ಕರಿ ಟೊಪ್ಪಿಗೆ ಕಂಡರೆ ಕಟ್ಟೆಯ ಕೆಳಗೆ ಏನೋ ಹುಡುಕುವವನ ಹಾಗೆ ಬಗ್ಗುತ್ತಿದ್ದೆ. ಮಾಸ್ತರರಿಗೆ ‘ಯಂತ್ರ ಕೆಟ್ಟಿದೆ, ಉಳಿದ ಎರಡಕ್ಕೆ ತಡವಾಗುತ್ತದೆ’ ಎಂದು ಸುಳ್ಳು ಕಾರ್ಡು ಬರೆದೆ. ‘ಗಡಿಬಿಡಿ ಇಲ್ಲ, ಸಾವಕಾಶ ಆಗಲಿ’ ಎಂದು ಮರುಟಪಾಲು ಬಂತು. ಅವರ ಒಳ್ಳೆಯತನ ನನ್ನನ್ನು ಇನ್ನಷ್ಟು ಹೆದರಿಸಿತು.

ನಲವತ್ತನೆಯ ದಿನ ಮಧ್ಯಾಹ್ನ, ನೀಲಿ ಸೀರೆಯ ಹೆಂಗಸೊಬ್ಬಳು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಂಗಡಿಗೆ ಯಾರೂ ಚಪ್ಪಲಿ ಬಿಟ್ಟು ಬರುತ್ತಿರಲಿಲ್ಲ.

“ಅಣ್ಣಾರ, ನಾ ಹೊಸರಿತ್ತಿಯಿಂದ ಬಂದೇನ್ರಿ. ಶಮೀಮ. ನಮ್ಮ ಅಬ್ಬಾನ ಕ್ಯಾಸೆಟ್ ಆಗೇತೇನ್ರಿ? ಬಡೇಅಬ್ಬಾನ್ನ ಕೇಳಿದ್ರ ಮಾತ ಹಾರಸ್ತಾರ.”

ಬಡೇಅಬ್ಬಾ ಎಂದರೆ ಅವಳ ದೊಡ್ಡಪ್ಪ, ನಮ್ಮ ಮಾಸ್ತರರು. ನಾನು ಬಾಯಿ ತೆರೆದೆ. “ಮುಂದಿನ ವಾರ ಬರ್ರಿ, ತಂಗೆವ್ವ,” ಎಂಬ ಮಾತು ತಾನೇ ಹೊರಬಂತು. ಅವಳು ನಂಬಿದಳು. ಹೋಗುವಾಗ ಸ್ಪೂಲಿನ ಯಂತ್ರವನ್ನು ಬೆರಳ ತುದಿಯಿಂದ ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡಳು. ಅದನ್ನು ನೋಡಿದ ಮೇಲೆ ಸುಳ್ಳು ಹೇಳಿಕೊಂಡು ಕೂರುವ ಶಕ್ತಿ ನನ್ನಲ್ಲಿ ಉಳಿಯಲಿಲ್ಲ.

ಮರುದಿನ ರೈಲು ಹತ್ತಿದೆ. ಹಾವೇರಿಯಿಂದ ರಾಣೆಬೆನ್ನೂರು ಎಷ್ಟು ದೂರ? ನಿಮಗೆ ಗೊತ್ತಿದ್ದದ್ದೇ. ಆದರೆ ನಡುವೆ ಬ್ಯಾಡಗಿ ಬರುತ್ತದೆ, ಅಲ್ಲಿ ನನ್ನ ಧೈರ್ಯ ಇಳಿದುಹೋಯಿತು, ಅದರ ಹಿಂದೆ ನಾನೂ ಇಳಿದೆ. ಮೆಣಸಿನಕಾಯಿಯ ಕಾಲ. ಪೇಟೆಯ ತುಂಬ ಕೆಂಪು ರಾಶಿ, ಗಾಳಿಯಲ್ಲಿ ಘಾಟು. ಎಲ್ಲರ ಕಣ್ಣೂ ಮೂಗೂ ಸೋರುತ್ತಿದ್ದವು. ಜೀವನದಲ್ಲಿ ಬಹಿರಂಗವಾಗಿ ಅಳಲು ಅದಕ್ಕಿಂತ ಅನುಕೂಲದ ಊರನ್ನು ನಾನು ಕಂಡಿಲ್ಲ. ಮನಸಾರೆ ಅತ್ತುಕೊಂಡು ಅಕ್ಕನ ಮನೆಗೆ ಹೋದೆ. ಅವಳೊಬ್ಬಳು ಮಾತ್ರ ಮೋಸ ಹೋಗಲಿಲ್ಲ.

“ಇದು ಮೆಣಸಿನಕಾಯಿ ಘಾಟಲ್ಲ. ಏನ್ ಮಾಡಿ ಬಂದೀದಿ?”

ಎಲ್ಲ ಹೇಳಿದೆ. ಕದರಮಂಡಲಗಿಯ ಹಣಮಪ್ಪನಿಗೆ ಹರಕೆ ಹೊತ್ತದ್ದನ್ನೂ ಹೇಳಿದೆ.

“ಏನಂತ ಬೇಡ್ಕೊಂಡಿ?”

“ಆ ಹಾಡು ಹೊಳ್ಳಿ ಬರ್ಲಿ ಅಂತ.”

“ಹುಚ್ಚಪ್ಯಾಲಿ! ಹಣಮಪ್ಪ ಗುಡ್ಡಾ ತಂದಾನು, ಉದುರಿದ ಪುಡಿ ಎಲ್ಲಿಂದ ತರ್ತಾನು? ಬಾಯಿ ಬಿಚ್ಚೂ ಧೈರ್ಯ ಕೊಡು ಅಂತ ಬೇಡ್ಕೋಬೇಕಿತ್ತು. ಎರಡು ರೊಟ್ಟಿ ತಿನ್ನು. ಮುಂದಿನ ಗಾಡಿಗೆ ಹೋಗು. ಹಾವೇರಿ ಕಡೆ ಹೋಗೂ ಗಾಡಿ ಹತ್ತಿದಿ ಅಂದ್ರ ಈ ಮನಿಗೆ ಮತ್ತ ಬರಬ್ಯಾಡ.”

ಅವಳೇ ನಿಲ್ದಾಣಕ್ಕೆ ಬಂದು, ಗಾಡಿ ಹೊರಡುವ ತನಕ ಕಿಟಕಿಯ ಸರಳು ಹಿಡಿದು ನಿಂತಿದ್ದಳು.

ಮಾಸ್ತರರು ಮನೆಯ ಪಡಸಾಲೆಯಲ್ಲಿ ಕ್ಲಾರಿನೆಟ್ಟಿನ ಕೀಲಿಗಳಿಗೆ ಎಣ್ಣೆ ಹಾಕುತ್ತಿದ್ದರು. ನನ್ನನ್ನು ಕಂಡವರೇ ಎದ್ದು ನಿಂತರು. ನನಗಿಂತ ಅವರ ಮುಖವೇ ಹೆಚ್ಚು ಬಿಳಿಚಿಕೊಂಡದ್ದನ್ನು ನೋಡಿದೆ, ಅರ್ಥ ಮಾಡಿಕೊಳ್ಳುವಷ್ಟು ಬುದ್ಧಿ ಆಗ ಇರಲಿಲ್ಲ. ಕೂರು ಎನ್ನುವ ಮೊದಲೇ ಒದರಿಬಿಟ್ಟೆ: “ಮಾಸ್ತರ, ಏಳನೇದು ಇಳೀಲಿಲ್ಲರಿ. ಪಾಜ್ ಬಿಡೂದು ಮರತೆ. ಪಟ್ಟಿ ಪೂರಾ ಹೋತು. ನನ್ನಿಂದ ತಪ್ಪಾತು.”

ಅವರು ಮೆಲ್ಲಗೆ ಕೂತರು.

“ಗೊತ್ತೈತಿ,” ಎಂದರು.

ನನಗೆ ಕೇಳಿಸಲಿಲ್ಲವೇನೋ ಎಂದುಕೊಂಡರೋ ಏನೋ, ಇನ್ನೊಮ್ಮೆ ಹೇಳಿದರು. “ಗೊತ್ತೈತಿ ಶಿವೂ. ಅಂವ ‘ಭಾಯಿ’ ಅಂದಕೂಡ್ಲೇ ನನ್ನ ಕಣ್ಣು ತಾನ ಹೋಗಿ ಕ್ಯಾಸೆಟ್ಟಿನ ಮ್ಯಾಲ ಬಿತ್ತು. ಗಾಲಿ ತಿರಗವಲ್ದಾಗಿದ್ದು. ಹತ್ತು ವರ್ಷ ಸ್ಟುಡಿಯೋದಾಗ ಕುಂತಾಂವ ನಾ, ಅಷ್ಟು ತಿಳೀದಿಲ್ಲೇನು?”

“ಮತ್ತ… ಯಾಕ ಹೇಳಲಿಲ್ಲರಿ?”

“ಬಟ್ಟು ಮಾಡಿ ತೋರಿಸಿದ್ರ ಸಾಕಿತ್ತು. ತೋರಿಸಲಿಲ್ಲ. ಹೇಳಾಕ ಹೋದ್ರ ನೀ ಗಾಬರಿಯಾಗಿ ಮಷೀನು ನಿಂದರಸ್ತಿದ್ದಿ. ನಿಂತ್ರ ಮತ್ತ ಹತ್ತತಿತ್ತೋ ಇಲ್ಲೋ. ಅಂವ ಊದಾಕ ಚಾಲೂ ಮಾಡಿದ್ದ. ಇಪ್ಪತ್ತೈದು ವರ್ಷ ಆಗಿತ್ತು ಅಂವನ್ನ ಕೇಳಿ. ಆ ಹೊತ್ತಿನ್ಯಾಗ ನನಗ ಬ್ಯಾರೇ ಏನೂ ಬ್ಯಾಡಾತು.” ಅವರು ಕ್ಲಾರಿನೆಟ್ಟನ್ನು ಪಕ್ಕಕ್ಕಿಟ್ಟರು. “ಆ ಹುಡಿಗಿ ಪಾಲಿಂದೂ ನಾನ ಕೇಳಿಬಿಟ್ಟೆ. ನಲವತ್ತು ದಿವಸಾತು, ಬಾಗಲಾ ಬಡದ ಸಪ್ಪಳಾದ್ರ ನೀ ಬಂದಿ ಅಂತ ಅಂಜತೇನಿ. ‘ನೋಡ್ಕೊಂತ ಸುಮ್ನ ಯಾಕ ಕುಂತ್ರಿ’ ಅಂತ ಕೇಳಿದ್ರ ಏನ್ ಹೇಳ್ಲಿ?”

ನಾನು ಅವರಿಗೆ ಹೆದರಿದ್ದೆ, ಅವರು ನನಗೆ ಹೆದರಿದ್ದರು. ಈಗ ಇಬ್ಬರಿಗೂ ಹೆದರಲು ಒಬ್ಬಳು ಉಳಿದಿದ್ದಳು. ಮರುದಿನ ಹೊಸರಿತ್ತಿಯ ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. “ನೀ ಹೇಳ್ತಿಯೋ ನಾ ಹೇಳ್ಲೋ?” ಎಂದು ದಾರಿಯುದ್ದಕ್ಕೂ ಅವರು ಕೇಳಿದರು. ಅರವತ್ತು ದಾಟಿದ ಮನುಷ್ಯರು ನನ್ನ ತೋಳು ಹಿಡಿದುಕೊಂಡೇ ಕೂತಿದ್ದರು.

ಶಮೀಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಕೊನೆಗೆ ಹೇಳಿದವರು ಮಾಸ್ತರರೇ. ತಮ್ಮ ಪಾಲಿನದನ್ನು ಮೊದಲು, ನನ್ನದನ್ನು ಆಮೇಲೆ. ಅವಳು ಯಂತ್ರದ ಸೂಜಿಯ ಕೆಳಗಿನ ಬಟ್ಟೆಯನ್ನು ಹಿಡಿದುಕೊಂಡೇ ಕೇಳಿದಳು. ಬೈದಿದ್ದರೆ ಹಗುರಾಗುತ್ತಿತ್ತು.

“ನೀವ ಬರದ ಹಾಡಲ್ಲ, ಬಡೇಅಬ್ಬಾ? ಮತ್ತ ಬರದು ಕೊಡ್ರಿ.”

“ಎಲ್ಲಾರ್ದೂ ಬರದಿದ್ದೆವ್ವಾ. ಈಗೂ ಬರದೇನು. ನಿಮ್ಮಪ್ಪಂದ ಬರದಿದ್ದಿಲ್ಲ. ಅಲ್ಲೆ ಜಾಗಾ ಖಾಲಿ ಬಿಟ್ಟಿದ್ದೆ, ನಿನಗ ತಿಳದಂಗ ಊದು ಅಂತ. ಅಷ್ಟ ಅಂವಂದು.”

ಅವಳು ನನ್ನತ್ತ ತಿರುಗಿದಳು. “ಅಣ್ಣಾರ, ನೀವೂ ಕೇಳೀರಲ್ಲ. ಹೆಂಗಿತ್ತು? ನೀವ ಹೇಳ್ರಿ, ಇವ್ರು ಅಳ್ತಾರ.”

ನಾನು ಹಾಡಿದವನಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ಬಾಯಿ ಮಾತ್ರ ಆಡಿಸು ಎಂದು ಗುರುಗಳು ಅಪ್ಪಣೆ ಕೊಟ್ಟಿದ್ದರು. ಆದರೂ ಗಂಟಲು ಸರಿಮಾಡಿಕೊಂಡು, “ಭಾಯಿ, ಸುರು ಮಾಡೂನೂ?” ಎಂದೆ, ಅವನು ಎಂದ ಹಾಗೆಯೇ, ಕೊನೆಯಲ್ಲಿ ಚೂರು ಎಳೆದು. ಶಮೀಮಳ ಕೈಯಿಂದ ಬಟ್ಟೆ ಜಾರಿತು. “ಇನ್ನೊಮ್ಮೆ ಅನ್ರಿ,” ಎಂದಳು. ಅಂದೆ. ಆಮೇಲೆ ಸ್ಯಾಕ್ಸೋಫೋನಿನ ದಾರಿಯನ್ನು ಗುನುಗತೊಡಗಿದೆ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಮಾಸ್ತರರು ಸಿಡುಕಿದರು.

“ಅಲ್ಲೋ! ಅಲ್ಲೆ ಮ್ಯಾಲ ಹೋಗಂಗಿಲ್ಲ ಅಂವ, ಕೆಳಗ ಇಳೀತಾನ.”

“ಇಲ್ಲರಿ ಮಾಸ್ತರ, ಮ್ಯಾಲ ಹೋಗಿ ಇಳೀತಾನ್ರಿ.”

“ನನ್ನ ತಮ್ಮ ಅಂವ!”

“ಇರ್ಲಿರಿ, ನೀವು ಅಳಾಕತ್ತಿದ್ರಿ, ನಾ ಕೇಳಾಕತ್ತಿದ್ದೆ!”

ನಲವತ್ತು ದಿನಗಳ ಅಂಜಿಕೆಯೆಲ್ಲ ಜಗಳವಾಗಿ ಹೊರಬಂತು. ಅವರು ಜೊತೆಗೆ ತಂದಿದ್ದ ಕ್ಲಾರಿನೆಟ್ಟು ತೆಗೆದು ಊದಿ ತೋರಿಸಿದರು, ನಾನು ಅಲ್ಲ ಎಂದೆ, ಮತ್ತೆ ಊದಿದರು. ಶಮೀಮ ಎದ್ದುಹೋಗಿ ತನ್ನ ಟೇಪ್ ರೆಕಾರ್ಡರ್ ತಂದು ನಮ್ಮಿಬ್ಬರ ನಡುವೆ ಇಟ್ಟದ್ದು, ಅದು ಮುದ್ರಿಸಿಕೊಳ್ಳುತ್ತಿದ್ದದ್ದು ನಮಗೆ ಗೊತ್ತಾಗುವಷ್ಟರಲ್ಲಿ ಕ್ಯಾಸೆಟ್ಟಿನ ಒಂದು ಮಗ್ಗುಲು ತುಂಬಿತ್ತು.

ಉಳಿದೆರಡು ಸ್ಪೂಲುಗಳನ್ನು ಆಮೇಲೆ ಸುಖವಾಗಿಯೇ ಇಳಿಸಿದೆ. ತೊಂಬತ್ತರ ದಶಕದಲ್ಲಿ ಮಾಸ್ತರರು ತೀರಿಕೊಂಡರು. ಅದಾದ ಎರಡು ತಿಂಗಳಿಗೆ ಶಮೀಮ ಅಂಗಡಿಗೆ ಬಂದು, ಅಂದಿನ ಆ ಜಗಳದ ಕ್ಯಾಸೆಟ್ಟನ್ನು ನನ್ನ ಮುಂದಿಟ್ಟಳು. “ಇದನ್ನ ಇನ್ನೊಂದಕ್ಕ ಇಳಿಸಿಕೊಡ್ರಿ, ಅಣ್ಣಾರ. ಈಗ ಬಡೇಅಬ್ಬಾನ ಧ್ವನಿನೂ ಇದರಾಗ ಅಷ್ಟ ಐತಿ.”

ನಾನು ಕ್ಯಾಸೆಟ್ಟನ್ನು ಅವಳತ್ತಲೇ ಸರಿಸಿದೆ. ಇವತ್ತು ಬೇಡ, ಕರೆಂಟು ಸರಿಯಿಲ್ಲ, ಡೆಕ್ಕಿನ ಹೆಡ್ಡು ತೊಳೆಯಬೇಕು ಎಂದೆಲ್ಲ ತೊದಲಿದೆ. ಅವಳು ಸ್ಟೂಲು ಎಳೆದುಕೊಂಡು ಕೂತಳು.

“ಅಂಜಬ್ಯಾಡ್ರಿ,” ಎಂದಳು ಸಮಾಧಾನವಾಗಿ. “ಬರೂ ಮೊದ್ಲ ಬ್ಯಾರೇ ಅಂಗಡಿಯೊಳಗ ಒಂದು ನಕಲು ಮಾಡಿಸಿ ಮನ್ಯಾಗಿಟ್ಟ ಬಂದೇನಿ.”

ನನ್ನ ಜೀವನದಲ್ಲಿ ನನಗೆ ಅಷ್ಟು ನೆಮ್ಮದಿ ಕೊಟ್ಟ ಅವಮಾನ ಇನ್ನೊಂದಿಲ್ಲ.